ಯಂತ್ರಕ್ಕೆ ನೀರು ಬಾರದಿದ್ದಾಗ

ನಾನು ಪ್ರೌಢಶಾಲೆಯ ಕನ್ನಡ ಪಂಡಿತ. ಮಕ್ಕಳಿಗೆ ಸಂಧಿ ಸಮಾಸಗಳನ್ನೂ ವಿಭಕ್ತಿ ಪ್ರತ್ಯಯಗಳನ್ನೂ ಹೇಳಿಕೊಡುತ್ತ ಮೂವತ್ತು ವರ್ಷ ಕಳೆದವನು. ಇಂಥವನು ಪಾತ್ರೆ ತೊಳೆಯುವ ಯಂತ್ರದ ವಿಚಾರವಾಗಿ ಮಾತನಾಡುತ್ತೇನೆಂದರೆ ನಿಮಗೆ ಆಶ್ಚರ್ಯವಾಗಬಹುದು. “ಊಟದ ಹೊತ್ತು ಬಿಟ್ಟರೆ ಪಾತ್ರೆಗೂ ನಿಮಗೂ ಏನು ಸಂಬಂಧ?” ಎಂದು ನನ್ನ ಮನೆಯವರೇ ಕೇಳಿದರು. ಮಾತು ನಿಜ. ಆದರೂ ೨೦೨೪ರ ಬೇಸಿಗೆಯಲ್ಲಿ ನಮ್ಮ ಅಡಿಗೆಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ, ಆ ಯಂತ್ರದ ವಿಚಾರವಾಗಿ ನನಗೆ ಕೆಲವು ಪಾಠಗಳನ್ನು ಕಲಿಸಿತು. ನನ್ನ ವಿಚಾರವಾಗಿಯೂ ಒಂದು ಪಾಠವನ್ನು ಕಲಿಸಿತು. ಅವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಇಂಥ ಯಂತ್ರವಿರುವ ಮನೆಯವರಿಗೆ ಇದರಿಂದ ಒಂದಿಷ್ಟು ಹಣ ಉಳಿಯಬಹುದು. ಇಲ್ಲದವರಿಗೂ ಸ್ವಲ್ಪ ಉಪಯೋಗವಾದೀತು.

ಯಂತ್ರ ನಮ್ಮ ಮನೆಗೆ ಬಂದದ್ದು ೨೦೨೦ರಲ್ಲಿ. ಕೊರೋನಾ ಜಾಡ್ಯದಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತ ವರ್ಷ ಅದು. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಕೆಲವು ತಿಂಗಳು ಬರುವಂತಿರಲಿಲ್ಲ. ಮನೆಯವರಿಗೆ ಬೆರಳ ಗಿಣ್ಣುಗಳಲ್ಲಿ ಬಾವು. ಬಾಣಲೆ ಬೋಗುಣಿಗಳನ್ನು ತಿಕ್ಕಿದ ರಾತ್ರಿ ಅವರಿಗೆ ನಿದ್ರೆಯಿಲ್ಲ. ನಾನೂ ಎರಡು ದಿನ ತಿಕ್ಕಿ ನೋಡಿದೆ. ನಾನು ತಿಕ್ಕಿದ್ದನ್ನು ಅವರು ಮತ್ತೊಮ್ಮೆ ತಿಕ್ಕಬೇಕಾಯಿತು. ಇದನ್ನೆಲ್ಲ ನೋಡುತ್ತಿದ್ದ ಮಗ ಕಂತಿನ ಮೇಲೆ ಯಂತ್ರವೊಂದನ್ನು ತರಿಸಿಬಿಟ್ಟ. ಕೆಲಸದಾಕೆ ಮತ್ತೆ ಬರತೊಡಗಿದ ಮೇಲೂ ಯಂತ್ರ ಉಳಿಯಿತು. ಎಂಜಲು ಮುಸುರೆ ತೆಗೆದು ತಟ್ಟೆ ಲೋಟಗಳನ್ನು ಅದರೊಳಗೆ ಜೋಡಿಸುವುದನ್ನು ಆಕೆ ನನಗಿಂತ ಬೇಗ ಕಲಿತಳು. ಹಿತ್ತಾಳೆ ಪಾತ್ರೆ, ಕಬ್ಬಿಣದ ಬಾಣಲೆಗಳು ಮಾತ್ರ ಆಕೆಯ ಕೈಗೇ ಮೀಸಲಾಗಿ ಉಳಿದವು.

ಈ ಯಂತ್ರದ ಹುಟ್ಟಿನ ಕಥೆಯೂ ಕೇಳತಕ್ಕದ್ದೇ. ಅಮೆರಿಕದ ಇಲಿನಾಯ್ ಸಂಸ್ಥಾನದ ಶೆಲ್ಬಿವಿಲ್ ಎಂಬ ಊರಿನಲ್ಲಿ ಜೋಸೆಫೀನ್ ಕಾಕ್ರೇನ್ ಎಂಬ ಗೃಹಿಣಿ ಇದ್ದರು. ನೆಂಟರಿಷ್ಟರಿಗೆ ಔತಣ ನೀಡುವ ಅನುಕೂಲಸ್ಥ ಮನೆ. ಬೆಲೆಬಾಳುವ ಪಿಂಗಾಣಿ ತಟ್ಟೆಗಳು. ಆಳುಗಳು ತೊಳೆಯುವಾಗ ಆ ತಟ್ಟೆಗಳ ಅಂಚು ಮುಕ್ಕಾಗುತ್ತಿತ್ತು. ಆಳುಗಳ ಕೈಯನ್ನು ನಂಬಲಾರದೆ ಆಕೆ ತಾವೇ ತೊಳೆಯತೊಡಗಿದರು. ತೊಳೆದ ಮೇಲೆ ಆ ಕೆಲಸ ಎಷ್ಟು ಬೇಸರದ್ದೆಂಬುದು ಅವರಿಗೂ ತಿಳಿಯಿತು. ಇದಕ್ಕೊಂದು ಯಂತ್ರವೇಕಿರಬಾರದು ಎಂಬ ಆಲೋಚನೆ ಮೂಡಿತು. ೧೮೮೩ರಲ್ಲಿ ಪತಿ ತೀರಿಕೊಂಡರು, ಉಳಿದದ್ದು ಸಾಲ. ಅಲ್ಲಿಯವರೆಗೆ ಬರಿಯ ಆಲೋಚನೆಯಾಗಿದ್ದದ್ದು ಜೀವನೋಪಾಯವಾಯಿತು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕನ ನೆರವಿನಿಂದ ಯಂತ್ರ ರೂಪುಗೊಂಡಿತು. ತಟ್ಟೆ ಬಟ್ಟಲುಗಳ ಅಳತೆಗೆ ಸರಿಯಾಗಿ ತಂತಿಯ ಗೂಡುಗಳು, ಅವುಗಳ ಮೇಲೆ ರಭಸದಿಂದ ಬೀಳುವ ಬಿಸಿ ಸಾಬೂನು ನೀರು. ಉಜ್ಜುವ ಕೈಯ ಬದಲು ನೀರಿನ ಒತ್ತಡ: ಇದೇ ಅದರ ತತ್ತ್ವ. ೧೮೮೬ನೆಯ ಇಸವಿ ಡಿಸೆಂಬರ್ ೨೮ರಂದು ಅದಕ್ಕೆ ಪೇಟೆಂಟು ದೊರೆಯಿತು. ೧೮೯೩ರ ಷಿಕಾಗೊ ವಿಶ್ವ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಪ್ರದರ್ಶನದ ಅಂಗವಾಗಿಯೇ. ಮೊದಮೊದಲು ಅದನ್ನು ಕೊಂಡವರು ಹೋಟೆಲಿನವರು. ಮನೆಗಳಿಗೆ ಅದು ಬಂದದ್ದು ಬಹಳ ಕಾಲದ ಮೇಲೆ. ಕೆಲಸದವರ ಕೈಯನ್ನು ದೂರಿ ಹುಟ್ಟಿದ ಯಂತ್ರ ಇದು ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಯಂತ್ರದ ಒಳಗೆ ನಡೆಯುವುದೇನು? ಹಂಡೆಗೆ ತುಂಬುವಂತೆ ಅದಕ್ಕೆ ಕಂಠದವರೆಗೆ ನೀರು ತುಂಬುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಒಂದೊಂದು ಸಲಕ್ಕೆ ಮೂರು ನಾಲ್ಕು ಲೀಟರು ನೀರು ತಳದಲ್ಲಿ ನಿಲ್ಲುತ್ತದೆ. ಅದನ್ನು ಕಾಯಿಸಿ, ಒಂದು ಪಂಪು ಮೇಲಕ್ಕೆ ತಳ್ಳುತ್ತದೆ. ತಿರುಗುವ ತೋಳುಗಳ ರಂಧ್ರಗಳಿಂದ ನೀರು ಪಾತ್ರೆಗಳ ಮೇಲೆ ಚಿಮ್ಮಿ, ಮತ್ತೆ ತಳಕ್ಕಿಳಿದು, ಜರಡಿಯಲ್ಲಿ ಸೋಸಿಕೊಂಡು ಮತ್ತೆ ಮೇಲಕ್ಕೇರುತ್ತದೆ. ಹೀಗೆ ಕೆಲವು ಬಾರಿ ನೀರು ಬದಲಾಯಿಸಿ, ಒಟ್ಟು ೧೦ರಿಂದ ೧೫ ಲೀಟರಿನಲ್ಲಿ ಒಂದು ಹೊತ್ತಿನ ಪಾತ್ರೆಯೆಲ್ಲ ಮುಗಿಯುತ್ತದೆ. ನಲ್ಲಿ ಬಿಟ್ಟುಕೊಂಡು ತೊಳೆಯುವ ನಮ್ಮ ಅಭ್ಯಾಸಕ್ಕೆ ಹೋಲಿಸಿದರೆ ಇದು ಬಲು ಮಿತವ್ಯಯ. ಆದರೆ ಆ ಮೊದಲ ಮೂರು ಲೀಟರು ಒಳಗೆ ಬಾರದೆ ಹೋದರೆ ಮುಂದಿನದು ಯಾವುದೂ ಇಲ್ಲ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ನಾವಿರುವುದು ಬೆಂಗಳೂರಿನಲ್ಲಿ. ೨೦೨೩ರಲ್ಲಿ ಮಳೆ ಕೈಕೊಟ್ಟಿತ್ತು. ೨೦೨೪ರ ಮಾರ್ಚ್ ಹೊತ್ತಿಗೆ ಕೊಳವೆ ಬಾವಿಗಳು ಒಣಗಿ, ಬೀದಿ ಬೀದಿಯಲ್ಲೂ ನೀರಿನ ಟ್ಯಾಂಕರುಗಳಿಗಾಗಿ ಕಾಯುವುದಾಗಿತ್ತು. ನಮ್ಮ ಸಂಪಿಗೂ ಎರಡು ಸಲ ಟ್ಯಾಂಕರ್ ನೀರು ಹಾಕಿಸಿದೆವು. ಅದಾದ ಮೂರನೆಯ ದಿನ ಬೆಳಿಗ್ಗೆ ಯಂತ್ರದ ಗುಂಡಿ ಒತ್ತಿದರೆ ದೀಪವೇನೋ ಹತ್ತಿತು. ಒಳಗೆ ಕ್ಷಣಕಾಲ ಗುರುಗುಟ್ಟಿತು. ಆಮೇಲೆ ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ನಲ್ಲಿಯ ಚಿತ್ರವಿದ್ದ ಕಡೆ ಕೆಂಪು ದೀಪ ಮಿನುಗತೊಡಗಿತು. ಬಾಗಿಲು ತೆರೆದು ನೋಡಿದರೆ ಹಿಂದಿನ ರಾತ್ರಿಯ ಸಾರು ತಟ್ಟೆಗಳ ಮೇಲೆ ಹಾಗೆಯೇ ಒಣಗಿ ಕುಳಿತಿದೆ. ಒಂದು ಹನಿ ನೀರೂ ಒಳಗೆ ಬಂದಿಲ್ಲ.

ಹಿಂದಿನ ದಿನ ಕೆಲಸದಾಕೆ ಯಂತ್ರವನ್ನು ಮುಂದಕ್ಕೆಳೆದು ಅದರ ಹಿಂದೆ ಗುಡಿಸಿದ್ದಳು. ನನಗೆ ಅಷ್ಟೇ ಸಾಕಾಯಿತು. “ನೋಡಮ್ಮ, ಗೊತ್ತಿಲ್ಲದ ಯಂತ್ರಕ್ಕೆ ಕೈಹಾಕಬಾರದು. ಇದರ ಬೆಲೆ ಎಷ್ಟು ಗೊತ್ತೆ?” ಎಂದುಬಿಟ್ಟೆ. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದವಳು. ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಸುಮ್ಮನಾದಳು. ತಟ್ಟೆಗಳನ್ನೆಲ್ಲ ಹೊರತೆಗೆದು ಕೈಯಲ್ಲೇ ತಿಕ್ಕಿಟ್ಟು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಷ್ಟರಲ್ಲಿ ರಿಪೇರಿಯವನೊಬ್ಬನನ್ನು ಕರೆಸಿದೆ. ಗುಂಡಿ ಒತ್ತಿ ನೋಡಿದ, ಬಗ್ಗಿ ಕಿವಿಗೊಟ್ಟು ಕೇಳಿದ, “ನೀರು ಬಿಡೋ ವಾಲ್ವು ಹೋಗಿದೆ ಸಾರ್, ಹೊಸದು ಹಾಕಬೇಕು” ಎಂದ. ಒಂದು ಚೀಟಿಯಲ್ಲಿ ಮೊತ್ತ ಬರೆದುಕೊಟ್ಟ. ನಮ್ಮ ಮನೆಯ ತಿಂಗಳ ಹಾಲು ತರಕಾರಿಯ ಬಾಬ್ತಿಗಿಂತ ಅದು ಹೆಚ್ಚಾಗಿತ್ತು. ನೀರು ಬರುವ ಕೊಳವೆಯನ್ನು ಆತ ಬಿಚ್ಚಿಯೂ ನೋಡಲಿಲ್ಲ. ಆದರೆ ಆತನನ್ನು ದೂರುವ ಹಕ್ಕು ನನಗೇನಿದೆ? ನಾನೂ ನೋಡಿರಲಿಲ್ಲವಲ್ಲ!

ರಾತ್ರಿ ಮನೆಯವರು ಬೆರಳಿಗೆ ಎಣ್ಣೆ ಸವರಿಕೊಳ್ಳುತ್ತ ಕುಳಿತಿದ್ದರು. “ಏನೂಂದ್ರೆ, ಹುಡುಗರಿಗೆ ಪದ್ಯದ ಅರ್ಥ ಆಗದಿದ್ದರೆ ನೀವು ಮೊದಲು ಏನು ಮಾಡಿ ಅನ್ನುತ್ತೀರಿ?” ಎಂದು ಕೇಳಿದರು.

“ಪದಗಳನ್ನು ಬಿಡಿಸಿ, ಅನ್ವಯ ಮಾಡಿ, ಅನ್ನುತ್ತೇನೆ.”

“ಈ ಯಂತ್ರಕ್ಕೆ ಹಾಗೇನಾದರೂ ಮಾಡಿದಿರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಅರ್ಥವಾಗದ ಪದ್ಯವನ್ನು ಕಂಡು ಕವಿಯೇ ತಪ್ಪು ಬರೆದಿದ್ದಾನೆ ಎನ್ನುವ ಹುಡುಗನಂತೆ ನಾನು ನಡೆದುಕೊಂಡಿದ್ದೆ.

ಒಂದು ವಾಕ್ಯ ಅರ್ಥ ಕೊಡಬೇಕಾದರೆ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದ ಇನ್ನೊಂದನ್ನು ಬಯಸಬೇಕು, ಇದು ಆಕಾಂಕ್ಷೆ. ಬಯಸಿದ ಪದಕ್ಕೆ ಆ ಕೆಲಸಕ್ಕೆ ತಕ್ಕ ಶಕ್ತಿ ಇರಬೇಕು. “ಬೆಂಕಿಯಿಂದ ನೆನೆಸಿದನು” ಎಂದರೆ ಅರ್ಥವಾಗದು, ಏಕೆಂದರೆ ನೆನೆಸುವ ಯೋಗ್ಯತೆ ಬೆಂಕಿಗಿಲ್ಲ. ಎರಡು ಪದಗಳ ನಡುವೆ ಅಂತರವಿಲ್ಲದೆ ಅವು ಹತ್ತಿರವಿರಬೇಕು; “ರಾಮನು” ಎಂದು ಈಗ ಹೇಳಿ, “ಬಂದನು” ಎಂದು ನಾಳೆ ಹೇಳಿದರೆ ವಾಕ್ಯವಾಗದು; ಇದು ಸನ್ನಿಧಿ. ಯಂತ್ರಕ್ಕೆ ನೀರು ಬರಬೇಕಾದರೂ ಇವೇ ಮೂರು ಬೇಕೆಂದು ಆ ರಾತ್ರಿ ನನಗೆ ತೋರಿತು. ನೀರು ಯಂತ್ರದ ಬಾಯಿಯವರೆಗೆ ತಡೆಯಿಲ್ಲದೆ ಬರಬೇಕು. ಬಂದ ನೀರಿಗೆ ಸಾಕಷ್ಟು ಒತ್ತಡವಿರಬೇಕು. ಯಂತ್ರ ನೀರನ್ನು ಬಯಸಬೇಕು. ನಾವು ಹುಡುಕುವಾಗ ಸನ್ನಿಧಿಯಿಂದ ತೊಡಗುವುದು ಒಳ್ಳೆಯದು. ಏಕೆಂದರೆ ಅದನ್ನು ನೋಡಲು ಖರ್ಚಿಲ್ಲ. ಒಂದು ಬಕೆಟ್ಟು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇದ್ದರೆ ಸಾಕು.

ಕೆಲಸಕ್ಕೆ ಮೊದಲು ಒಂದು ಎಚ್ಚರಿಕೆಯ ಮಾತು. ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವ ವಸ್ತು ಇದು. ಗುಂಡಿ ಆರಿಸಿದರೆ ಸಾಲದು.

ಈಗ ನೀರಿನ ಜಾಡನ್ನು ಹಿಡಿಯೋಣ. ಯಂತ್ರಕ್ಕೆಂದೇ ಒಂದು ಬೇರೆ ನಲ್ಲಿ ಇರುತ್ತದೆ. ಕೊಳಾಯಿ ಕೆಲಸದವರು ಅದನ್ನು ಆಂಗಲ್ ಕಾಕ್ ಎನ್ನುತ್ತಾರೆ. ಪಕ್ಕದ ತೊಟ್ಟಿಯ ನಲ್ಲಿಯಲ್ಲಿ ನೀರು ಬಂದಿತೆಂದರೆ ಇದರಲ್ಲೂ ಬಂದಂತಾಗಲಿಲ್ಲ. ಇದು ಪೂರ್ತಿ ತೆರೆದಿದೆಯೆ ನೋಡಿ. ಗುಡಿಸುವಾಗ ಕೈತಾಗಿ ಅರ್ಧ ಮುಚ್ಚಿರಬಹುದು. ಅಲ್ಲಿಂದ ಯಂತ್ರಕ್ಕೆ ಹೋಗುವ ಕೊಳವೆ ಎಲ್ಲಾದರೂ ಮಡಿಚಿಕೊಂಡಿದೆಯೆ, ಯಂತ್ರದ ಕಾಲಿಗೆ ಸಿಕ್ಕಿ ಅಮುಕಿಹೋಗಿದೆಯೆ ನೋಡಿ. ನನ್ನ ಮನಸ್ಸಿನಲ್ಲಿದ್ದ ಆರೋಪ ಇದೇ: ಕೆಲಸದಾಕೆ ಯಂತ್ರವನ್ನು ಹಿಂದಕ್ಕೆ ತಳ್ಳುವಾಗ ಕೊಳವೆ ಮಡಿಚಿದ್ದಾಳೆ ಎಂದು. ದೀಪ ಹಿಡಿದು ನೋಡಿದೆ. ಕೊಳವೆ ನೆಟ್ಟಗಿತ್ತು, ಹಿಂದೆ ಬಲೆ ಧೂಳು ಯಾವುದೂ ಇಲ್ಲದೆ ಚೊಕ್ಕಟವಾಗಿತ್ತು. ನಲ್ಲಿಯೂ ಪೂರ್ತಿ ತೆರೆದೇ ಇತ್ತು.

ಮುಂದಿನದು ಯೋಗ್ಯತೆ, ಎಂದರೆ ಒತ್ತಡ. ನಲ್ಲಿಯನ್ನು ಮುಚ್ಚಿ, ಕೊಳವೆಯ ತಿರುಪನ್ನು ಬಿಚ್ಚಿ, ನಲ್ಲಿಯ ಕೆಳಗೆ ಬಕೆಟ್ಟು ಹಿಡಿದು ಪೂರ್ತಿ ತೆರೆಯಿರಿ. ನಮ್ಮ ಯಂತ್ರದ ಕೈಪಿಡಿಯಂತೆ ನಿಮಿಷಕ್ಕೆ ೧೦ ಲೀಟರಾದರೂ ಬರಬೇಕು, ಒತ್ತಡ ಅರ್ಧ ಬಾರ್ ಆದರೂ ಇರಬೇಕು. ಬಾರ್ ಎಂದರೆ ಹೆದರಬೇಕಾಗಿಲ್ಲ. ಹತ್ತು ಮೀಟರ್ ಎತ್ತರದಲ್ಲಿ ನಿಂತ ನೀರು ಕೆಳಗೆ ಕೊಡುವ ಒತ್ತಡ ಸುಮಾರು ಒಂದು ಬಾರ್. ಎಂದರೆ ಅರ್ಧ ಬಾರ್ ಬೇಕಾದರೆ ಮೇಲಿನ ಟ್ಯಾಂಕಿನ ನೀರು ಯಂತ್ರಕ್ಕಿಂತ ಐದು ಮೀಟರಾದರೂ ಎತ್ತರದಲ್ಲಿರಬೇಕು. ನಾವು ಇರುವುದು ನೆಲದ ಅಂತಸ್ತು, ಟ್ಯಾಂಕು ಎರಡು ಅಂತಸ್ತಿನ ಮೇಲೆ, ನಮಗೆ ತೊಂದರೆಯಿಲ್ಲ. ಆದರೆ ಟ್ಯಾಂಕಿನ ನೇರ ಕೆಳಗಿನ ಅಂತಸ್ತಿನಲ್ಲಿರುವವರಿಗೆ ಎತ್ತರ ಮೂರು ಮೀಟರೂ ಸಿಗುವುದು ಕಷ್ಟ. ಅಂಥ ಮನೆಯಲ್ಲಿ ಯಂತ್ರ ಮೇಲಿಂದ ಮೇಲೆ ನಿಂತರೆ ಅದು ಯಂತ್ರದ ದೋಷವಲ್ಲ, ಎತ್ತರದ ದೋಷ. ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೆ ಒತ್ತಡ ಹೆಚ್ಚಿಸುವ ಸಣ್ಣ ಪಂಪು ಹಾಕಿಸಬೇಕು. ಯಂತ್ರ ಕೊಳ್ಳುವ ಮುಂಚೆಯೇ ಈ ಲೆಕ್ಕ ಹಾಕಿದರೆ ಮತ್ತೂ ಉತ್ತಮ.

ನಮ್ಮ ನಲ್ಲಿಯಲ್ಲಿ ೧೦ ಲೀಟರಿನ ಬಕೆಟ್ಟು ಒಂದು ನಿಮಿಷದೊಳಗೇ ತುಂಬಿತು. ಅಲ್ಲಿಗೆ ನಲ್ಲಿಯವರೆಗೆ ಎಲ್ಲವೂ ಸರಿ ಎಂದಾಯಿತು. ನೀರನ್ನು ಚೆಲ್ಲಲಿಲ್ಲ, ಆ ತಿಂಗಳಲ್ಲಿ ನೀರು ಚೆಲ್ಲುವ ಧೈರ್ಯ ಯಾರಿಗಿತ್ತು? ಬಕೆಟ್ಟಿನ ತಳದಲ್ಲಿ ಕೆಂಪಗೆ ಏನೋ ನಿಂತದ್ದು ಕಂಡಿತು.

ಆಗ ಕೈಯಲ್ಲಿದ್ದ ಕೊಳವೆಯ ಬಾಯನ್ನು ತಿರುಗಿಸಿ ದೀಪಕ್ಕೆ ಹಿಡಿದೆ. ಅಲ್ಲೊಂದು ಜಾಲರಿ ಇರುತ್ತದೆ, ರೂಪಾಯಿ ನಾಣ್ಯದಷ್ಟು ಅಗಲದ್ದು. ನೀರಿನಲ್ಲಿ ಬರುವ ಮರಳು, ತುಕ್ಕು, ಕಸ ಯಂತ್ರದೊಳಗೆ ಹೋಗದಂತೆ ತಡೆಯುವುದಕ್ಕಾಗಿ ಇಟ್ಟದ್ದು. ಕೆಲವು ಯಂತ್ರಗಳಲ್ಲಿ ಅದು ಕೊಳವೆಯ ಯಂತ್ರದ ಕಡೆಯ ತುದಿಯಲ್ಲಿರುವುದುಂಟು. ನಮ್ಮ ಜಾಲರಿಯಲ್ಲಿ ಕಣ್ಣುಗಳೇ ಕಾಣಲಿಲ್ಲ. ಗೋಡೆಗೆ ಮೆತ್ತಿದ ಹಾಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಟ್ಯಾಂಕರ್ ನೀರಿನೊಡನೆ ಬಂದ ಮಣ್ಣು ಸಂಪಿಗೆ ಇಳಿದು, ಪಂಪಿನೊಡನೆ ಮೇಲಿನ ಟ್ಯಾಂಕಿಗೇರಿ, ಅಲ್ಲಿಂದ ಇಳಿದು ಇಲ್ಲಿ ಬಂದು ನಿಂತಿತ್ತು.

ಬೆಂಗಳೂರಿಗೆ ಕಾವೇರಿ ನೀರು ಬರುವ ಬಗೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಸುಮಾರು ೧೦೦ ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಪಂಪು ಮಾಡಿ, ಸುಮಾರು ೫೦೦ ಮೀಟರಿನಷ್ಟು ಮೇಲಕ್ಕೆತ್ತಿ ತರುತ್ತಾರೆ. ೧೯೭೪ರಲ್ಲಿ ಮೊದಲ ಹಂತ ಮುಗಿಯಿತು. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ಅಷ್ಟು ದೂರ ಅಷ್ಟು ಎತ್ತರ ಬಂದ ನೀರು ನಮ್ಮ ಅಡಿಗೆಮನೆಯಲ್ಲಿ ರೂಪಾಯಿಯಗಲದ ಜಾಲರಿಯ ಮುಂದೆ ಸೋತು ನಿಂತಿತ್ತು.

ಜಾಲರಿಯನ್ನು ಇಕ್ಕಳದ ತುದಿಯಿಂದ ಮೆಲ್ಲನೆ ಹೊರಗೆಳೆದು, ಬ್ರಷ್ಷಿನಿಂದ ತಿಕ್ಕಿ, ಹಿಂದುಮುಂದಾಗಿ ನೀರು ಬಿಟ್ಟು ತೊಳೆದೆ. ಕೊಳವೆ ಬಾವಿಯ ಗಡಸು ನೀರಿರುವ ಮನೆಗಳಲ್ಲಿ ಮಣ್ಣಿನ ಜೊತೆಗೆ ಸುಣ್ಣದಂಥ ಬಿಳಿಯ ಹೊಪ್ಪಳೆಯೂ ಕಟ್ಟಿರುತ್ತದೆ. ಅದು ಬ್ರಷ್ಷಿಗೆ ಬಗ್ಗುವುದಿಲ್ಲ. ಜಾಲರಿಯನ್ನು ರಾತ್ರಿಯೆಲ್ಲ ನಿಂಬೆಹಣ್ಣಿನ ರಸದಲ್ಲಿ ಹಾಕಿಟ್ಟರೆ ಕರಗುತ್ತದೆ. ಒಂದು ವಿಷಯ ಮರೆಯಬಾರದು. ಕೆಲವು ಯಂತ್ರಗಳ ಕೊಳವೆಯಲ್ಲಿ ನಲ್ಲಿಯ ಕಡೆಯ ತುದಿಗೆ ಒಂದು ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ನೀರು ಸೋರಿದರೆ ತಾನಾಗಿ ಮುಚ್ಚಿಕೊಳ್ಳುವ ವಿದ್ಯುತ್ ವಾಲ್ವು ಅದರಲ್ಲಿದೆ. ಜಾಲರಿಯನ್ನು ಮಾತ್ರ ತೊಳೆಯಿರಿ. ಆ ಪೆಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಬೇಡಿ. ಮತ್ತೆ ಜೋಡಿಸುವಾಗ ರಬ್ಬರಿನ ಬಿಲ್ಲೆ ಅದರ ಜಾಗದಲ್ಲಿದೆಯೆ ನೋಡಿ, ಕೈಯಿಂದಲೇ ತಿರುಪು ಬಿಗಿಮಾಡಿ. ಇಕ್ಕಳದಿಂದ ಬಿಗಿದರೆ ಪ್ಲಾಸ್ಟಿಕ್ಕಿನ ಮರೆ ಹೋಗುತ್ತದೆ.

ಇಷ್ಟಾದ ಮೇಲೂ ನೀರು ಬಾರದಿದ್ದರೆ? ಆಗ ಆಕಾಂಕ್ಷೆಯನ್ನು ವಿಚಾರಿಸಬೇಕು. ಯಂತ್ರ ನೀರನ್ನು ಬಯಸುತ್ತಿದೆಯೆ? ಬಾಗಿಲು ಟಕ್ಕೆಂದು ಕೂರದಿದ್ದರೆ ಅದು ನೀರು ಕೇಳುವುದಿಲ್ಲ. ಉದ್ದನೆಯ ಸೌಟಿನ ಹಿಡಿಯೊಂದು ಅಡ್ಡಬಂದರೂ ಸಾಕು. ಕೆಲವು ಯಂತ್ರಗಳ ಒಳತಳದಲ್ಲಿ ಬೋರಲು ಬಟ್ಟಲಿನಂಥ ಒಂದು ತೇಲುಗುಬ್ಬಿ ಇರುತ್ತದೆ. ನೀರು ಸಾಕಷ್ಟು ಬಂದಾಗ ಅದು ಮೇಲೆದ್ದು, ಇನ್ನು ಸಾಕು ಎಂದು ಸೂಚನೆ ಕೊಡುತ್ತದೆ. ಅನ್ನದ ಅಗುಳೋ ಹುಣಿಸೆಯ ಸಿಪ್ಪೆಯೋ ಸಿಕ್ಕಿಕೊಂಡು ಅದು ಮೇಲೆಯೇ ನಿಂತುಬಿಟ್ಟರೆ, ಹೊಟ್ಟೆ ಬರಿದಾಗಿದ್ದರೂ ಯಂತ್ರ ತುಂಬಿದೆಯೆಂದೇ ತಿಳಿಯುತ್ತದೆ. ಬೆರಳಿನಿಂದ ಎತ್ತಿ ಬಿಡಿ, ಸರಾಗವಾಗಿ ಕೆಳಗಿಳಿಯಬೇಕು. ಇನ್ನು ಕೆಲವು ಯಂತ್ರಗಳಲ್ಲಿ ಅಡಿಯ ತಟ್ಟೆಯಲ್ಲಿ ಬೇರೊಂದು ತೇಲು ಅಡಗಿರುತ್ತದೆ. ಎಲ್ಲೋ ಸೋರಿದ ನೀರು ಅಲ್ಲಿ ಸೇರಿದರೆ, ಅದು ಒಳಬರುವ ನೀರನ್ನು ನಿಲ್ಲಿಸಿ ಹೊರಹಾಕುವ ಪಂಪನ್ನು ಓಡಿಸುತ್ತಲೇ ಇರುತ್ತದೆ. ಪಂಪು ಬಿಡದೆ ಗುರುಗುಟ್ಟುತ್ತಿದ್ದರೆ ಇದೇ ಕಾರಣವಿರಬಹುದು. ಆಗ ತಿಳಿದವರನ್ನು ಕರೆಸಿ ಸೋರಿಕೆ ಎಲ್ಲಿಯದೆಂದು ಹುಡುಕಿಸಬೇಕು.

ಮತ್ತೊಂದು ವಿಚಿತ್ರವೂ ಉಂಟು. ನೀರು ಬರುತ್ತದೆ, ಆದರೆ ನಿಲ್ಲುವುದಿಲ್ಲ. ಕೊಳೆ ನೀರು ಹೊರಹೋಗುವ ಕೊಳವೆಯನ್ನು ನೆಲಮಟ್ಟದಲ್ಲಿ ಬಿಟ್ಟಿದ್ದರೆ, ಒಳಬಂದ ನೀರು ತಾನಾಗಿ ಅದರ ಮೂಲಕ ಹರಿದುಹೋಗುತ್ತದೆ. ತೂತು ಕೊಡಕ್ಕೆ ನೀರು ಸೇದಿದ ಹಾಗೆ. ಆ ಕೊಳವೆಯನ್ನು ಕೈಪಿಡಿ ಹೇಳುವಷ್ಟು ಎತ್ತರಕ್ಕೇರಿಸಿ ಬಾಗಿಸಿ ಕಟ್ಟಬೇಕು.

ಇವೆಲ್ಲವೂ ಸರಿಯಿದ್ದು ನೀರು ಬಾರದಿದ್ದರೆ ಆಗ ವಾಲ್ವಿನ ಮಾತು ಬರುತ್ತದೆ. ಅದು ವಿದ್ಯುತ್ತಿನಿಂದ ತೆರೆದುಕೊಳ್ಳುವ ಒಂದು ಸಣ್ಣ ಕದ. ಅದರ ಸುರುಳಿ ಸುಟ್ಟಿರಬಹುದು, ಒಳಗಿನ ರಬ್ಬರು ಅಂಟಿಕೊಂಡಿರಬಹುದು. ಅದನ್ನು ಅಳೆದು ನೋಡುವುದು ಬಲ್ಲವರ ಕೆಲಸ. ಮನೆಯಲ್ಲಿ ಯಂತ್ರದ ತಗಡು ಬಿಚ್ಚುವುದು ಬೇಡ. ಆದರೆ ಬಂದವರಿಗೆ, “ನಲ್ಲಿ ನೋಡಿದೆ, ಒತ್ತಡ ನೋಡಿದೆ, ಜಾಲರಿ ತೊಳೆದೆ, ತೇಲುಗುಬ್ಬಿ ಸರಿಯಿದೆ” ಎಂದು ನೀವು ಹೇಳಬಲ್ಲಿರಾದರೆ, ಚೀಟಿಯ ಮೊತ್ತವನ್ನು ಅವರು ಸ್ವಲ್ಪ ಯೋಚಿಸಿಯೇ ಬರೆಯುತ್ತಾರೆ.

ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಜಾಲರಿಯನ್ನು ಕೂರಿಸಿ, ನಲ್ಲಿ ತೆರೆದು, ಗುಂಡಿ ಒತ್ತಿದೆ. ಮೊದಲು ಹಳೆಯ ಗುರುಗುಟ್ಟು; ಮಿಕ್ಕ ನೀರನ್ನು ಹೊರಹಾಕುವ ಸದ್ದು ಅದೆಂದು ಈಗ ತಿಳಿದಿತ್ತು. ಬಳಿಕ ಸುಯ್ಯೆಂದು ನೀರು ಒಳಬರುವ ದನಿ. ಮನೆಯವರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. “ಆಕೆಗೆ ಏನು ಹೇಳುತ್ತೀರಿ?” ಎಂದರು.

ಮರುದಿನ ಬೆಳಿಗ್ಗೆ ಕೆಲಸದಾಕೆಯ ಮನೆಯ ಕಡೆ ಹೊರಟೆ. ನಮ್ಮ ಬೀದಿಯಿಂದ ಹತ್ತು ನಿಮಿಷದ ದಾರಿ. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಆ ಬೀದಿಯ ತಿರುವಿನಲ್ಲಿ ಟ್ಯಾಂಕರು ನಿಂತಿತ್ತು. ಬಣ್ಣಬಣ್ಣದ ಕೊಡಗಳ ಸಾಲು. ಸಾಲಿನಲ್ಲಿ ಆಕೆಯೂ ಇದ್ದಳು. ಸರದಿ ಬಂದಾಗ ಕೊಡದ ಬಾಯಿಗೆ ಹಳೆಯ ಪಂಚೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ, ಅದರ ಮೂಲಕ ನೀರು ಹಿಡಿದಳು. ಬಟ್ಟೆ ತೆಗೆದಾಗ ಅದರ ಮೇಲೆ ಕೆಮ್ಮಣ್ಣು. ನಮ್ಮ ಜಾಲರಿಯಲ್ಲಿ ಕಂಡ ಅದೇ ಮಣ್ಣು.

ನನ್ನನ್ನು ಕಂಡು, “ಏನು ಮೇಷ್ಟ್ರೇ, ಇಲ್ಲಿಗಂಟ ಬಂದ್ರಿ? ಅಮ್ಮಾವ್ರು ಚೆನ್ನಾಗವ್ರಾ?” ಎಂದು ಗಾಬರಿಯಿಂದ ಕೇಳಿದಳು.

“ಚೆನ್ನಾಗಿದ್ದಾರಮ್ಮ. ನಾನು ಅವತ್ತು ಹಾಗೆ ಅನ್ನಬಾರದಾಗಿತ್ತು. ತಪ್ಪು ನಿನ್ನದಲ್ಲ. ಕೊಳವೆಯ ಬಾಯಲ್ಲಿ ಮಣ್ಣು ಕಟ್ಟಿಕೊಂಡಿತ್ತು. ಅದನ್ನು ಹೇಳಿಹೋಗೋಣವೆಂದು ಬಂದೆ” ಎಂದೆ.

ಆಕೆ ಬಟ್ಟೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡಳು. “ಅದೇ ಇರಬೇಕು ಅಂತ ನನಗೂ ಅನ್ನಿಸಿತ್ತು ಮೇಷ್ಟ್ರೇ. ಟ್ಯಾಂಕರ್ ನೀರು ಹಂಗೇಯ. ಬಟ್ಟೆ ಕಟ್ಟದೆ ಹಿಡಿದ್ರೆ ಕೊಡದ ತಳದಾಗೆ ಕೆಸರು ನಿಲ್ತದೆ” ಎಂದಳು.

“ಹಾಗಾದರೆ ಅವತ್ತೇ ಹೇಳಬಾರದಿತ್ತೇನಮ್ಮ?”

“ನೀವು ಕೇಳ್ಲಿಲ್ವಲ್ಲ” ಎಂದಳು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲವೇನೋ. ಕೊಡ ಎತ್ತಿಕೊಳ್ಳುತ್ತ, “ಹೋಗ್ಲಿ ಬಿಡಿ. ನಾಳೆಯಿಂದ ಬರ್ತೀನಿ, ಅಮ್ಮಾವ್ರಿಗೆ ಹೇಳಿ” ಎಂದಳು. ಆ ಎರಡು ದಿನದ ಸಂಬಳವನ್ನು ಹಿಡಿಯಬಾರದೆಂದು ಮನೆಯವರು ಆಗಲೇ ತೀರ್ಮಾನಿಸಿದ್ದರು.

ಮನೆಗೆ ಬರುವ ದಾರಿಯಲ್ಲಿ ನನಗೆ ಇನ್ನೊಂದು ಮಾತು ನೆನಪಾಯಿತು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳ ಜೊತೆಗೆ ನಾಲ್ಕನೆಯದೊಂದನ್ನು ಹೇಳುವ ಶಾಸ್ತ್ರಕಾರರಿದ್ದಾರೆ. ಅದು ತಾತ್ಪರ್ಯ. ಹೇಳುವವರ ಮನಸ್ಸಿನಲ್ಲಿರುವುದೇನು ಎಂಬುದು ತಿಳಿಯದೆ ವಾಕ್ಯದ ಅರ್ಥ ಪೂರ್ಣವಾಗದು ಎಂದು ಅವರ ಮತ. ಮೂವತ್ತು ವರ್ಷ ಅದನ್ನು ಪಾಠ ಹೇಳಿದ್ದೆ. ಬಾಯಿ ತೆರೆದು ಸುಮ್ಮನಾದ ಒಬ್ಬ ಹೆಂಗಸಿನ ತಾತ್ಪರ್ಯವೇನೆಂದು ಕೇಳಿರಲಿಲ್ಲ. ಕೇಳಿದ್ದರೆ ಎರಡು ದಿನದ ತೊಂದರೆಯೂ ಇರುತ್ತಿರಲಿಲ್ಲ, ರಿಪೇರಿಯವನ ಚೀಟಿಯೂ ಬೇಕಾಗುತ್ತಿರಲಿಲ್ಲ. ಶೆಲ್ಬಿವಿಲ್ಲಿನ ಆ ಗೃಹಿಣಿ ಆಳುಗಳ ಕೈಯನ್ನು ದೂರಿ ಹೊರಟು, ಕೊನೆಗೆ ಲೋಕಕ್ಕೆ ಉಪಕಾರವಾಗುವ ಯಂತ್ರವನ್ನು ಕೊಟ್ಟರು. ನಾನು ದೂರಿ ಹೊರಟು ಏನನ್ನೂ ಕೊಡಲಿಲ್ಲ. ಒಂದು ಮುಖವನ್ನು ಬಾಡಿಸಿದೆ, ಅಷ್ಟೆ.

ಈಗ ನಮ್ಮ ಸಂಪಿಗೆ ನೀರು ಬೀಳುವ ಕೊಳವೆಯ ಬಾಯಿಗೆ ಒಂದು ಬಟ್ಟೆ ಕಟ್ಟಿದ್ದೇವೆ. ಕಟ್ಟುವ ಬಗೆಯನ್ನು ಹೇಳಿಕೊಟ್ಟವಳು ಆಕೆಯೇ. ತಿಂಗಳ ಮೊದಲ ಭಾನುವಾರ ಯಂತ್ರದ ಜಾಲರಿ ತೊಳೆಯುವುದು ನನ್ನ ಪಾಲಿನ ಕೆಲಸ. ನಾನು ಮರೆತರೆ ಆಕೆ ನೆನಪಿಸುತ್ತಾಳೆ.

ನಿಮ್ಮ ಮನೆಯ ಯಂತ್ರ ನಿಂತಾಗ, ಅದು ಯಾವ ಯಂತ್ರವೇ ಆಗಲಿ, ಯಾರನ್ನೂ ದೂರುವ ಮುನ್ನ ನಲ್ಲಿಯಿಂದ ತೊಡಗಿ ನೀರಿನ ಜಾಡನ್ನು ಹಿಡಿದು ಬನ್ನಿ. ಅದಕ್ಕೂ ಮೊದಲು, ದಿನವೂ ಅದನ್ನು ಮ‌ುಟ್ಟುವವರು ಯಾರೋ ಅವರನ್ನು ಒಂದು ಮಾತು ಕೇಳಿ.